ಒಯ್ಯದೆ ಉಳಿದವು

ಹಸಿರು ಬೀರುವಿನ ಕೆಳಗಿನ ಖಾನೆಯಲ್ಲಿ
ಹದಿಮೂರು ಪದವಿಪತ್ರ ಉಳಿದಿವೆ.
ಕಕ್ಕಡ ಹಿಡಿಯಿತೆಂದರೆ ನಾನೇ ಒಂದೊಂದನ್ನೂ
ಮೇಜಿನ ದೀಪದಡಿ ಹಿಡಿದು ಕಾಯಿಸುತ್ತೇನೆ,
ಹಪ್ಪಳ ಮಗುಚಿದ ಹಾಗೆ, ಈ ಮೈ ಆ ಮೈ.
ಅಕ್ಷರಕ್ಕಿಂತ ಮೊದಲು ಮೊಹರಿಗೇ
ಬೂಷ್ಟು ಹಿಡಿಯುತ್ತದೆ. ಯಾಕೋ ಗೊತ್ತಿಲ್ಲ.

ಈ ಮೂವತ್ತೊಂದಕ್ಕೆ ನನ್ನ ನಿವೃತ್ತಿ.
ಪ್ರಿನ್ಸಿಪಾಲರು ಕರೆದು ಹೇಳಿದರು:
ವಾರಸುದಾರರಿಗೆ ಮುಟ್ಟಿಸಿ, ಇಲ್ಲವೇ
ಪಟ್ಟಿ ಮಾಡಿ ವಾಪಸು ಕಳಿಸಿ; ಸಿಗದವರ ಮುಂದೆ
‘ವಿಳಾಸ ತಿಳಿದಿಲ್ಲ’ ಅಂತ ಬರೆದರೆ ಸಾಕು.
ಅವರು ಬೀದರಿನವರು, ಬಂದು ಎಂಟು ತಿಂಗಳು.
ವಿರಾಜಪೇಟೆಯಲ್ಲಿ
ಯಾರ ವಿಳಾಸ ಯಾರಿಗೆ ತಿಳಿದಿಲ್ಲ, ಸಾರ್?

ಪೂವಯ್ಯ, ಭೌತಶಾಸ್ತ್ರ, ಎರಡನೇ ದರ್ಜೆ.
ಬೇಸಿಗೆಯಲ್ಲಿ ಮನೆತನಗಳ ಹಾಕಿಗೆ ಅಂಪೈರ್;
ಉಳಿದ ತಿಂಗಳು ಕಾಫಿ ಪಲ್ಪರ್ ರಿಪೇರಿ.
‘ಘರ್ಷಣೆಯ ಪಾಠ ಎರಡೂ ಕಡೆ ಬೇಕು, ಅಕ್ಕಾ’
ಎನ್ನುತ್ತಾನೆ. ಗ್ರೀಸಿನ ಕೈ, ಸೀಟಿ ಕೊರಳಲ್ಲೇ.

ಸಫಿಯಾ ತಾಲ್ಲೂಕು ಕಚೇರಿಯೆದುರು
ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಅರ್ಜಿ ಬರೆಯುತ್ತಾಳೆ.
ಪಹಣಿ ತಿದ್ದುಪಡಿ, ವಿಧವಾ ವೇತನ, ದಾರಿಯ ತಕರಾರು.
ಕನ್ನಡ ಎಂ.ಎ.; ಒಂದು ಒತ್ತಕ್ಷರ ಜಾರಿದ್ದಿಲ್ಲ.
ಅವಳು ಬರೆದದ್ದನ್ನು ತಹಶೀಲ್ದಾರರು
ಎರಡೆರಡು ಸಲ ಓದುತ್ತಾರಂತೆ.
ಮಂಜೂರಾಗುವುದು ಬೇರೆ ಮಾತು.
ಅಲ್ಲಿಂದ ಕಾಲೇಜಿಗೆ ಏಳು ನಿಮಿಷದ ಏರು.
ಹೇಳಿ ಕಳಿಸಿದೆ. ‘ಇರಲಿ ಅಲ್ಲೇ,
ಭದ್ರವಾಗಿದೆಯಲ್ಲ’ ಅಂದಳಂತೆ.

ಜೆಸ್ಸಿ ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ದಿನಕ್ಕೆ ನೂರಿಪ್ಪತ್ತು ಬಟ್ಟಲು ಕಾಫಿ ಹೀರಿ ಉಗಿಯುತ್ತಾಳೆ,
ಉಗಿದದ್ದಕ್ಕೆ ಸಂಬಳ. ಮನೆಯಲ್ಲಿ ಕುಡಿಯುವುದು ಟೀ.

ಚಾತ ಬರದಿರುವುದಕ್ಕೆ ಕಾರಣವಿದೆ.
ತಿತಿಮತಿಯ ಲೈನ್ ಮನೆಯಿಂದ, ಎರವರ ಹಾಡಿಯಿಂದ
ಬಿ.ಎ. ಮುಟ್ಟಿದ ಮೊದಲ ಹುಡುಗ, ಐಚ್ಛಿಕ ಇತಿಹಾಸ.
ಅರಣ್ಯ ಇಲಾಖೆಯ ಆನೆ ಕಾಯುವ ತಂಡದಲ್ಲಿ ದಿನಗೂಲಿ.
ಯಾವ ಸಲಗ ಯಾವ ಕಾಡಿನಿಂದ ಇಳಿಯಿತು,
ಯಾವ ಬೇಲಿ ಮುರಿಯಿತು, ಮರಿ ಎಷ್ಟು,
ರಾಜವಂಶದಂತೆ ಇಸವಿ ಹಾಕಿ ಬರೆದಿಡುತ್ತಾನೆ.
ರಾತ್ರಿ ಕೆಲಸ, ಹಗಲು ನಿದ್ದೆ.
ಕಚೇರಿ ತೆರೆದಿರುವುದು ಹಗಲು ಮಾತ್ರ.

ಒಂದರ ಮೇಲಿನ ಹೆಸರನ್ನು ನಾನು ಓದುವುದಿಲ್ಲ.
ಅದನ್ನೂ ಕಾಯಿಸುತ್ತೇನೆ, ಈ ಮೈ ಆ ಮೈ.

ಕಳೆದ ಬುಧವಾರ, ಸಂತೆಯ ಚೀಲ ಹಿಡಿದೇ,
ಚೋಂದಮ್ಮ ಬಂದಳು. ಬಿ.ಕಾಂ., ಇಪ್ಪತ್ತಾರು ವರ್ಷ ಹಿಂದಿನದು.
ಪಣಪುಳಿ ಬೇಯಿಸಿ ಕಾಚಂಪುಳಿ ಮಾರುವವಳು,
ಬಾಗಿಲಿಗೆ ಬರುವ ಮೊದಲೇ ಹುಳಿ ವಾಸನೆ ಬಂತು.
‘ಬ್ಯಾಂಕಿನ ಸಾಲಕ್ಕಾ?’
‘ಅಲ್ಲ ಅಕ್ಕಾ, ಮಗಳು ನಂಬುತ್ತಿಲ್ಲ,
ಮೂರು ಅಂಕದಲ್ಲಿ ನನಗೆ ರ‍್ಯಾಂಕ್ ತಪ್ಪಿತೆಂದರೆ.’

ಕೈ ತೊಳೆದು ಬಂದಳು. ಕಪ್ಪು ಹೋಗಲಿಲ್ಲ,
ಉಗುರ ಸಂದಿಯಲ್ಲಿ ಈ ವರ್ಷದ್ದೂ ಹೋದ ವರ್ಷದ್ದೂ.
ಅಂಚಿನಲ್ಲಷ್ಟೇ ಹಿಡಿದು ನಿಂತೇ ಓದಿದಳು,
ತಾರೀಖಿನವರೆಗೆ, ಸಹಿಯವರೆಗೆ.
ಹಿಂಬದಿ ತಿರುಗಿಸಿದಳು. ಖಾಲಿ.
‘ಇನ್ನೇನೂ ಬರೆದಿಲ್ಲವಾ ಇದರಲ್ಲಿ?’

ಇಲ್ಲ ಚೋಂದಮ್ಮ, ಇಷ್ಟೇ.

ಮೂರು ಅಂಕದ ಸುದ್ದಿ ಅದರಲ್ಲಿರಲಿಲ್ಲ.
ಹಳೆಯ ಲೆಡ್ಜರ್ ಇಳಿಸಿ, ಧೂಳು ಒರೆಸಿ, ತೋರಿಸಿದೆ.
ಬೆರಳಿಟ್ಟು ನೋಡಿ ಫೋಟೋ ತೆಗೆದುಕೊಂಡಳು.
ಆ ಸಾಲಿನ ಮೇಲೆ ಒಂದು ಕಪ್ಪು ಚುಕ್ಕೆ ಉಳಿಯಿತು.
ಅಳಿಸಲಿಲ್ಲ ನಾನು.
ಹೋಗುವಾಗ ಮೇಜಿನ ಮೇಲೊಂದು ಬಾಟಲಿ ಇಟ್ಟಳು,
ರಸೀದಿಯ ಹಾಗೆ.

ಇವತ್ತು ಪಟ್ಟಿಗೆ ಕೂತೆ. ಹನ್ನೆರಡು ಹೆಸರು.
‘ತಿಳಿದಿಲ್ಲ’ ಎನ್ನಲು ಕೈ ಬಾರದೆ
ಷರಾ ಅಂಕಣದಲ್ಲಿ ತಿಳಿದದ್ದನ್ನೇ ಬರೆದೆ:
ಸೀಟಿ, ಒತ್ತಕ್ಷರ, ಉಗಿದ ಬಟ್ಟಲು.
ಅಂಕಣದ ಅಗಲ ಎರಡು ಬೆರಳು.
ಚಾತನ ಆನೆ ಅದರಲ್ಲಿ ಹಿಡಿಯಲಿಲ್ಲ,
ಗೆರೆ ದಾಟಿ
ಮುಂದಿನ ಪುಟಕ್ಕೆ ನಡೆಯಿತು.